ನೋವು ನಿಂತ ಹಲ್ಲು

ನಮ್ಮ ಮನೆಯವರಿಗೆ ಹಲ್ಲುನೋವು ಶುರುವಾಗಿದೆ ಎಂದು ಮೊದಲು ಗೊತ್ತಾದದ್ದು ನನ್ನ ಕಿವಿಗೆ. ಆ ಮಾತನ್ನು ಅವರ ಬಾಯಿಂದ ಹೊರಡಿಸುವಷ್ಟರಲ್ಲಿ ನನಗೆ ಸಾಕುಸಾಕಾಗಿ ಹೋಯಿತು.

ಅವರು ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುವವರು. ನಾನು ಮನೆಯಲ್ಲೇ ಕಿಟಕಿ ಪರದೆ ಹೊಲಿಯುವವಳು. ಬೆಳಿಗ್ಗೆ ಅವರು ಮುಂದಿನ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತು ಊದುತ್ತಾರೆ, ನಾನು ಒಳಗೆ ಮೆಷಿನ್ ತುಳಿಯುತ್ತೇನೆ. ಮದುವೆಯಾದಾಗಿನಿಂದ ನಮ್ಮ ಸಂಸಾರ ಹೀಗೇ ನಡೆದಿದೆ. ಸಂಗೀತದ ಗಂಧಗಾಳಿ ನನಗಿಲ್ಲ. ಆದರೆ ಅವರ ಉಸಿರು ಎಲ್ಲಿ ಗಟ್ಟಿ, ಎಲ್ಲಿ ಸೋರುತ್ತದೆ ಎನ್ನುವುದು ಮೆಷಿನ್ನಿನ ಗಡಗಡದ ನಡುವೆಯೂ ತಿಳಿಯುತ್ತದೆ. ಆವತ್ತು ಸೋರುತ್ತಿತ್ತು.

ಎದ್ದು ಬಂದು ನೋಡಿದೆ. ಕ್ಲಾರಿನೆಟ್ಟಿನ ತುದಿಯನ್ನು ಬಾಯಿಯ ನಡುವೆ ಇಟ್ಟುಕೊಳ್ಳುವುದು ಬಿಟ್ಟು ಎಡಮೂಲೆಗೆ ಸರಿಸಿಕೊಂಡಿದ್ದಾರೆ. ಆ ವಾದ್ಯದ ತುದಿ ಕೂರುವುದೇ ಮೇಲಿನ ಮುಂದಿನ ಹಲ್ಲುಗಳ ಕೆಳಗೆ. ಅಲ್ಲಿ ಗಟ್ಟಿಯಾಗಿ ಕೂತರೆ ಮಾತ್ರ ನಾದ.

"ಏನ್ರೀ, ಬಾಯಿ ಯಾಕೆ ಸೊಟ್ಟ?"

"ರೀಡು ಸರಿಯಿಲ್ಲ ಕಣೇ."

ರೀಡು ಎಂದರೆ ಆ ತುದಿಗೆ ಕಟ್ಟುವ ತೆಳು ಪಟ್ಟಿ. ಅದನ್ನು ಬದಲಾಯಿಸಿದರು. ಉಸಿರು ಮತ್ತೆ ಸೋರಿತು. ಮಧ್ಯಾಹ್ನ ನೀರು ಕುಡಿಯುವಾಗ ಕತ್ತನ್ನು ಒಂದು ಪಕ್ಕಕ್ಕೆ ವಾಲಿಸಿ, ಒಂದು ಕಣ್ಣು ಮುಚ್ಚಿಕೊಂಡು ಗುಟುಕರಿಸಿದರು. ಇದೂ ರೀಡಿನ ದೋಷವೇ?

"ಹಲ್ಲು ನೋಯ್ತಿದೆ, ಅಲ್ವಾ?"

"ಜುಂ ಅಂತು, ಹೋಯ್ತು. ತಣ್ಣೀರಿಗೆ ಎಲ್ರಿಗೂ ಆಗುತ್ತೆ. ಊರಿಗೆಲ್ಲ ಡಂಗೂರ ಹೊಡೀಬೇಡ."

ನಮ್ಮವರಿಗೆ ಒಂದು ಅಭ್ಯಾಸ. ಊದುವವರ ಬಾಯಿ ಒಣಗಬಾರದಂತೆ. ಅದಕ್ಕೆ ಒಂದು ಪೆಪ್ಪರ್‌ಮಿಂಟನ್ನು ಮೇಲಿನ ಹಲ್ಲುಗಳ ಹಿಂದೆ ಸಿಕ್ಕಿಸಿಕೊಂಡೇ ತಾಲೀಮು. ಅದು ಕರಗಿದರೆ ಇನ್ನೊಂದು. ಬ್ಯಾಂಡಿನಲ್ಲಿ ಊದುವವರೆಲ್ಲ ಹೀಗೇ ಮಾಡುತ್ತಾರೆ, ಹೊಸದಾಗಿ ಸೇರಿದವರಿಗೂ ಇದನ್ನೇ ಕಲಿಸುತ್ತಾರೆ. ಬಟ್ಟೆ ಒಗೆಯುವಾಗ ಇವರ ಜೇಬಿನಿಂದ ನಾನು ತೆಗೆಯುವ ಪೆಪ್ಪರ್‌ಮಿಂಟ್ ಕಾಗದದಲ್ಲಿ ಒಂದು ದಿಂಬು ತುಂಬಬಹುದು.

ಕೆಲವು ವಾರ ಕಳೆಯಿತು. ತಣ್ಣೀರಿಗಷ್ಟೇ ಇದ್ದದ್ದು ಬಿಸಿ ಚಹಾಕ್ಕೂ ಬಂತು. ಮೊದಲು ಜುಂ ಎಂದು ಬಿಟ್ಟುಹೋಗುತ್ತಿದ್ದ ನೋವು ಈಗ ಚಹಾದ ಲೋಟ ತೊಳೆದಿಟ್ಟ ಮೇಲೂ ಬಡಿಯುತ್ತಲೇ ಇರುತ್ತಿತ್ತು. ಸುಮ್ಮನೆ ಕೂತಿದ್ದಾಗಲೂ ಬರುತ್ತಿತ್ತು, ಮಲಗಿದರೆ ಇನ್ನೂ ಜಾಸ್ತಿ. ದಿಂಬಿನ ಮೇಲೆ ದಿಂಬು ಹಾಕಿಕೊಂಡು ಅರೆಕೂತು ನಿದ್ದೆ ಮಾಡುವರು. ಲವಂಗದ ಎಣ್ಣೆ ಹಚ್ಚಿದರು, ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿದರು. ಆಸ್ಪತ್ರೆ ಎಂದರೆ ಮಾತ್ರ ಮುಖ ತಿರುಗಿಸಿದರು.

ಅವರಿಗೆ ಬೆಂಬಲವಾಗಿ ನಿಂತವರು ಡ್ರಮ್ಮಣ್ಣ. ಬ್ಯಾಂಡಿನಲ್ಲಿ ದೊಡ್ಡ ಡ್ರಮ್ ಬಾರಿಸುವವರು, ಇವರ ಹಳೇ ಗೆಳೆಯರು. ಮನಸ್ಸು ಬೆಣ್ಣೆ. ಬಾಯಿ ಮಾತ್ರ ಅವರ ಡ್ರಮ್ಮಿನಷ್ಟೇ ದೊಡ್ಡದು.

"ತಂಗೀ, ಆಸ್ಪತ್ರೆ ಮಾತು ಎತ್ತಲೇಬೇಡ. ಹೋದ್ರೆ ಕಿತ್ತೇ ಕೀಳ್ತಾರೆ. ಮೇಲಿನ ಹಲ್ಲಿಗೆ ಕೈ ಹಾಕಿದ್ರೆ ಕಣ್ಣೂ ಹೋಗುತ್ತೆ, ಗೊತ್ತಾ? ನಮ್ಮಲ್ಲಿ ಒಬ್ಬ ಟ್ರಂಪೆಟ್ ಊದೋನಿದ್ದ. ಮುಂದಿನ ಹಲ್ಲು ಕೀಳಿಸ್ಕೊಂಡ. ಈಗ ಏನ್ ಮಾಡ್ತಿದಾನೆ ಹೇಳು?"

"ಏನು ಮಾಡ್ತಿದಾರೆ?"

"ನಮಗೆ ಕುರ್ಚಿ ಜೋಡಿಸ್ತಾನೆ."

ನಮ್ಮವರು ಕ್ಲಾರಿನೆಟ್ಟನ್ನು ಪೆಟ್ಟಿಗೆಯಲ್ಲಿಟ್ಟು ಹೊರಗೆದ್ದು ಹೋದರು. ಇವರ ಹೆದರಿಕೆ ಸೂಜಿಯದ್ದಲ್ಲ, ಕುರ್ಚಿಯದ್ದು ಎಂದು ನನಗೆ ಆಗ ಅರ್ಥವಾಯಿತು. ಪಾಪ ಅನಿಸಿತು. ಸಿಟ್ಟೂ ಬಂತು.

ಒಂದು ಬೆಳಿಗ್ಗೆ ಎದ್ದವರೇ ಗಟಗಟ ತಣ್ಣೀರು ಕುಡಿದರು. ಆಮೇಲೆ ಬಿಸಿ ಚಹಾ. ನನ್ನನ್ನು ಕರೆದು ಲೋಟ ಎತ್ತಿ ತೋರಿಸಿದರು.

"ನೋಡು! ಏನೂ ಇಲ್ಲ. ಎಲ್ಲಾ ಹೋಯ್ತು. ನೀನು ಬಾಯಿ ಬಾಯಿ ಬಡ್ಕೊಂಡೆ."

ಊದಿದರು. ತುದಿ ಬಾಯಿಯ ನಡುವಿಗೇ ಬಂದಿತ್ತು. ಡ್ರಮ್ಮಣ್ಣ ಓಡಿಬಂದು, "ನಾನು ಹೇಳ್ಲಿಲ್ವಾ? ಮೈಗೆ ತನ್ನ ವೈದ್ಯ ತನಗೇ ಗೊತ್ತು!" ಎಂದು ಮೇಜು ಬಡಿದರು. ಉದ್ಯಾನದಲ್ಲಿ ಬ್ಯಾಂಡಿನ ದೊಡ್ಡ ಕಾರ್ಯಕ್ರಮ ಹತ್ತಿರ ಬರುತ್ತಿತ್ತು. ಅದರಲ್ಲಿ ಇಡೀ ಬ್ಯಾಂಡ್ ಸುಮ್ಮನಿದ್ದು ಇವರೊಬ್ಬರೇ ನುಡಿಸುವ ಭಾಗವಿತ್ತು. ಎಷ್ಟೋ ವರ್ಷದಿಂದ ಕಾದು ಸಿಕ್ಕ ಅವಕಾಶ. ನನಗೂ ಎದೆಯ ಮೇಲಿನ ಭಾರ ಇಳಿದಂತಾಯಿತು.

ಆ ಭಾನುವಾರ ನನ್ನ ನಾದಿನಿ ಬಂದಳು. ಇವರ ತಂಗಿ, ಹಲ್ಲಿನ ಆಸ್ಪತ್ರೆಯಲ್ಲಿ ನರ್ಸು. ಅಣ್ಣ ತಂಗಿಯನ್ನು ಕಂಡು ಬಾಯ್ತುಂಬ ನಕ್ಕರು. ಅವಳು ನಗಲಿಲ್ಲ.

"ಅಣ್ಣ, ಆ ಹಲ್ಲು ಯಾಕೆ ಮಂಕಾಗಿದೆ?"

"ಯಾವುದು?"

"ಮುಂದಿಂದು. ಪಕ್ಕದ್ದು ಬೆಳ್ಳಗಿದೆ, ಇದು ಬೂದಿ ಬಣ್ಣ. ಇಲ್ಲಿ ಕಿಟಕಿ ಹತ್ರ ಬಾ."

ತುಟಿ ಎತ್ತಿಸಿ ನೋಡಿದಳು. ಹಲ್ಲಿನ ಮೇಲೆ ಒಸಡಿನಲ್ಲಿ ಸಾಸಿವೆ ಗಾತ್ರದ ಒಂದು ಗುಳ್ಳೆ.

"ನೋವು?"

"ಇತ್ತು. ಜೋರಾಗೇ ಇತ್ತು. ಈಗ ತಾನಾಗೇ ನಿಂತ್ಹೋಯ್ತು," ಎಂದರು ಇವರು, ಪದಕ ಗೆದ್ದವರಂತೆ.

"ನಿಲ್ಲೋಕೆ ಮುಂಚೆ ಬಿಸಿಗೆ ಜಾಸ್ತಿ ಆಗ್ತಿತ್ತಾ? ಮಲಗಿದ್ರೆ ಬಡೀತಿತ್ತಾ?"

"ಹೂಂ," ಎಂದೆ ನಾನೇ. ಇವರ ಬಾಯಿಂದ ಬರುವವರೆಗೆ ಕಾದರೆ ಕತ್ತಲಾಗುತ್ತಿತ್ತು.

ನಾದಿನಿ ಕುರ್ಚಿ ಎಳೆದುಕೊಂಡು ಕೂತಳು. "ಅಣ್ಣ, ಹಲ್ಲು ಅಂದ್ರೆ ಬರೀ ಕಲ್ಲಲ್ಲ. ಹೊರಗೆ ಗಟ್ಟಿ, ಒಳಗೆ ಮೆತ್ತನೆ ತಿರುಳು. ಆ ತಿರುಳಲ್ಲಿ ರಕ್ತ ಓಡುತ್ತೆ, ನರ ಇರುತ್ತೆ. ನೀನು ಹಲ್ಲಿನ ಹಿಂದೆ ಸಕ್ಕರೆ ಇಟ್ಕೊಂಡು ಕೂತೆ. ಬಾಯಲ್ಲಿರೋ ರೋಗಾಣುಗೆ ಅದೇ ಊಟ. ಉಂಡು ಹುಳಿ ಬಿಡ್ತವೆ, ಆ ಹುಳಿ ಹಲ್ಲನ್ನ ಕರಗಿಸುತ್ತೆ. ಹುಳುಕು ಹಿಂದೆ ಇದ್ರೆ ಕನ್ನಡಿಯಲ್ಲಿ ಕಾಣಲ್ಲ."

"ಸರಿ. ಆಮೇಲೆ?"

"ರೋಗಾಣು ತಿರುಳಿನ ಹತ್ರ ಬಂತು ಅಂದ ತಕ್ಷಣ ಮೈಯೊಳಗಿನ ಕಾವಲು ಪಡೆ ಎದ್ದು ಬರುತ್ತೆ. ರೋಗ ತಡೆಯೋ ಶಕ್ತಿ ಅಂತೀವಲ್ಲ, ಅದೇ. ಆ ಜಾಗಕ್ಕೆ ರಕ್ತ ಹೆಚ್ಚು ನುಗ್ಗುತ್ತೆ, ಬಿಳಿ ರಕ್ತಕಣ ಬರ್ತವೆ, ಜಾಗ ಊದುತ್ತೆ. ಇದನ್ನೇ ಉರಿಯೂತ ಅನ್ನೋದು."

ಡ್ರಮ್ಮಣ್ಣ ಅಲ್ಲೇ ಇದ್ದರು. ಇಂಥ ಮಾತು ನಡೆಯುವಾಗ ಅವರು ಇರದೇ ಇರುತ್ತಾರೆಯೇ? "ಅಲ್ಲಮ್ಮ, ಮೈಯೇ ಕಾವಲು ಕಾಯ್ತಿದೆ ಅಂತ ನೀನೇ ಹೇಳ್ತಿದೀಯ. ಮತ್ತೆ ಡಾಕ್ಟ್ರು ಯಾಕೆ?"

"ಒಳ್ಳೇ ಪ್ರಶ್ನೆ ಡ್ರಮ್ಮಣ್ಣ. ಕೈಗೆ ಮುಳ್ಳು ಚುಚ್ಚಿದ್ರೆ ಏನಾಗುತ್ತೆ?"

"ಊದುತ್ತೆ. ಆಮೇಲೆ ಇಳಿಯುತ್ತೆ."

"ಯಾಕಂದ್ರೆ ಚರ್ಮ ಹಿಗ್ಗಿ ಜಾಗ ಕೊಡುತ್ತೆ. ಹಲ್ಲು ಹಿಗ್ಗುತ್ತಾ? ನಿಮ್ಮ ತಾಲೀಮು ರೂಮನ್ನೇ ತಗೊಳ್ಳಿ. ಸದ್ದು ಹೊರಗೆ ಹೋಗಬಾರದು ಅಂತ ಕಿಟಕಿಗೆಲ್ಲ ಹಲಗೆ ಹೊಡೆದಿದೀರ. ಇರೋದು ಒಂದೇ ಬಾಗಿಲು. ನಿಮ್ಮ ಡ್ರಮ್ಮು ಅಡ್ಡಡ್ಡ ತಿರುಗಿಸಿದ್ರೆ ಮಾತ್ರ ಒಳಗೆ ಹೋಗುತ್ತೆ."

"ಅದು ನಿಜ. ಪ್ರತಿಸಲ ಕೈ ತರಚುತ್ತೆ."

"ಒಳಗೆ ಒಬ್ಬರು ಕೂತಿರೋವಾಗ ಮೂಲೆಯಲ್ಲಿ ಬೆಂಕಿ ಹತ್ಕೊಂಡಿತು ಅಂತಿಟ್ಕೊಳ್ಳಿ. ಬೀದಿ ಜನ ಎಲ್ಲ ಬಕೆಟ್ ಹಿಡ್ಕೊಂಡು ನುಗ್ಗಿದ್ರು. ಬಂದೋರೆಲ್ಲ ಒಳ್ಳೇ ಜನವೇ. ಸಣ್ಣ ಕಿಡಿ ಆಗಿದ್ರೆ ನಾಲ್ಕು ಜನ ಆರಿಸಿ ಹೋಗ್ತಿದ್ರು. ಬೆಂಕಿ ದೊಡ್ಡದಾಯ್ತು, ಬರೋರು ಬರ್ತಾನೇ ಇದಾರೆ. ಗೋಡೆ ಸರಿಯಲ್ಲ, ಬಾಗಿಲು ಅಗಲ ಆಗಲ್ಲ. ಒಳಗಿದ್ದೋರ ಗತಿ?"

"ನೂಕಾಟದಲ್ಲಿ ಉಸಿರುಕಟ್ಟಿ ಸಾಯ್ತಾರೆ," ಎಂದರು ಡ್ರಮ್ಮಣ್ಣ. ಹೇಳಿದ ಮೇಲೆ ಅವರ ದನಿ ಇಳಿಯಿತು.

"ತಿರುಳಿಗೂ ಅದೇ ಆಗೋದು. ಊದೋಕೆ ಜಾಗ ಇಲ್ಲ. ಒತ್ತಡ ಏರುತ್ತೆ, ನರ ಬಡಿಯುತ್ತೆ. ರಕ್ತ ಸರಿಯಾಗಿ ಓಡಾಡದೆ ತಿರುಳು ಸ್ವಲ್ಪ ಸ್ವಲ್ಪವೇ ಸಾಯುತ್ತೆ. ಅಣ್ಣ, ಇಷ್ಟು ದಿನ ನೋವು ಅಂತ ಕೂಗ್ತಿದ್ದೋನು ಆ ಒಳಗಿದ್ದೋನು. ಈಗ ಕೂಗು ನಿಂತಿದೆ. ಬೆಂಕಿ ಆರಿ ನಿಂತಿತೋ, ಕೂಗೋನೇ ಇಲ್ದೆ ನಿಂತಿತೋ?"

ನಮ್ಮವರು ನಾಲಿಗೆಯ ತುದಿಯಿಂದ ಆ ಹಲ್ಲನ್ನು ತಡವಿಕೊಂಡರು.

"ನಾನು ಡಾಕ್ಟ್ರಲ್ಲ," ಎಂದಳು ಅವಳು. "ಎಕ್ಸ್‌ರೇ ತೆಗೆದು ಅವರೇ ಹೇಳಬೇಕು. ಆದರೆ ಆ ಬಣ್ಣ, ಆ ಗುಳ್ಳೆ ನನಗೆ ಹಿಡಿಸ್ತಿಲ್ಲ. ತಿರುಳು ಸತ್ತ ಮೇಲೆ ರೋಗಾಣು ಬೇರಿನ ತುದಿಯಿಂದ ಮೂಳೆಗೆ ಇಳಿಯುತ್ತೆ. ಮೂಳೆ ಕರಗಿದ್ರೆ ಆಗ ಹಲ್ಲು ಉಳಿಯೋದು ಕಷ್ಟ. ನಾಳೆ ಬಾ."

ನಮ್ಮವರು ಕೊನೆಗೂ ಬಾಯಿಬಿಟ್ಟರು. "ಮುಂದಿನ ಹಲ್ಲು ಕಣೇ ಇದು. ಇದು ಹೋದ್ರೆ ನಾನು ಊದೋದೆಲ್ಲಿ? ಊದದೆ ಇದ್ರೆ ನಾನು ಯಾರು? ನನಗೆ ಬೇರೆ ಏನೂ ಬರಲ್ಲ."

ಅವಳು ಅಣ್ಣನ ಮೊಣಕೈ ಹಿಡಿದಳು. "ಅದಕ್ಕೇ ಕರೀತಿರೋದು. ಕೀಳೋಕಲ್ಲ, ಉಳಿಸೋಕೆ. ಒಳಗಿನ ಕೊಳೆ ತೆಗೆದು, ಬೇರಿನ ದಾರಿ ತೊಳೆದು, ಮುಚ್ತಾರೆ. ರೂಟ್ ಕೆನಾಲ್ ಅಂತಾರೆ. ಮರಗಟ್ಟೋ ಇಂಜೆಕ್ಷನ್ ಕೊಟ್ಟೇ ಮಾಡೋದು."

"ಕಣ್ಣು?" ಎಂದರು ಡ್ರಮ್ಮಣ್ಣ, ಬಿಡದೆ.

"ಹಲ್ಲಿನ ನರ ಬೇರೆ, ನೋಡೋ ನರ ಬೇರೆ. ನಮ್ಮಲ್ಲಿಗೆ ದಿನಾ ಬರೋರು ಹೋಗೋವಾಗ ಬಾಗಿಲು ಹುಡುಕಿಕೊಂಡೇ ಹೋಗ್ತಾರೆ ಡ್ರಮ್ಮಣ್ಣ, ಯಾರೂ ಗೋಡೆಗೆ ಡಿಕ್ಕಿ ಹೊಡೆದಿಲ್ಲ."

ಇಷ್ಟಾದರೂ ಇವರು ಒಪ್ಪಿದ್ದು ಅರ್ಧ. "ಕಾರ್ಯಕ್ರಮ ಒಂದು ಮುಗೀಲಿ, ಮಾರನೇ ದಿನವೇ ಬರ್ತೀನಿ" ಎಂದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನಾದಿನಿ ನನ್ನ ಕಡೆ ನೋಡಿ, "ಅತ್ತಿಗೆ, ರೋಗಾಣುಗಳಿಗೆ ಕಾರ್ಯಕ್ರಮದ ತಾರೀಖು ಗೊತ್ತಿರಲ್ಲ. ಮುಖ ಊದಿಕೊಂಡ್ರೆ ಒಂದು ನಿಮಿಷಾನೂ ಕಾಯಬೇಡಿ" ಎಂದು ಹೇಳಿ ಹೋದಳು.

ಅವಳ ಮಾತು ಸುಳ್ಳಾಗಲಿಲ್ಲ. ಅದೇ ವಾರ ಒಂದು ಬೆಳಿಗ್ಗೆ ಇವರ ಮೇಲಿನ ತುಟಿ ಮೂಗಿನ ತನಕ ಊದಿತ್ತು. ಮೈ ಬೆಚ್ಚಗಿತ್ತು. ಆದರೂ ಸ್ಟೂಲಿನ ಮೇಲೆ ಕೂತು ಕ್ಲಾರಿನೆಟ್ ಎತ್ತಿದರು. ತುಟಿ ಮುಚ್ಚಲಿಲ್ಲ. ಬರೀ ಗಾಳಿ ಹೊರಗೆ ಬಂತು. ಇನ್ನೊಮ್ಮೆ ಪ್ರಯತ್ನಿಸಿ, ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನು ನೋಡಿದರು. ಆ ನೋಟ ನೋಡಿ ನನಗೆ ಅಳು ಬಂತು. ಅಳುವುದಕ್ಕೆ ಹೊತ್ತಿರಲಿಲ್ಲ. ಮೆಷಿನ್ನಿನಲ್ಲಿದ್ದ ಪರದೆಯನ್ನು ಅರ್ಧಕ್ಕೇ ಬಿಟ್ಟು, ಚಪ್ಪಲಿ ಮೆಟ್ಟಿ, ಇವರ ಕೈ ಹಿಡಿದು ಹೊರಟೆ.

ಆಸ್ಪತ್ರೆಯ ಬೆಂಚಿನಲ್ಲಿ ಕೂತವರೆಲ್ಲ ಒಂದೊಂದು ಕೆನ್ನೆ ಹಿಡಿದುಕೊಂಡಿದ್ದರು. ನಾದಿನಿ ನಮ್ಮನ್ನು ಕಂಡವಳೇ ಏನೂ ಕೇಳದೆ ಒಳಗೆ ಕರೆದೊಯ್ದಳು. ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಬೇರಿನ ತುದಿಯಲ್ಲಿ ಮೂಳೆ ಬೆಳ್ಳಗಿರಬೇಕಾದ ಕಡೆ ಕಡಲೆಕಾಳಿನಷ್ಟು ಕಪ್ಪು.

"ಕೀಳ್ತೀರಾ?" ಎಂದು ಇವರು ಊದಿದ ತುಟಿಯಲ್ಲೇ ಕೇಳಿದರು.

"ಉಳಿಸೋಕೆ ನೋಡ್ತೀನಿ. ಸುತ್ತಲಿನ ಮೂಳೆ ಇನ್ನೂ ಹಿಡ್ಕೊಂಡಿದೆ. ಆದರೆ ಇವತ್ತೇ ಮಾತು ಕೊಡಲ್ಲ," ಎಂದರು ಡಾಕ್ಟರಮ್ಮ. "ತಣ್ಣೀರಿಗೆ ಜುಂ ಅಂದಾಗಲೇ ಬಂದಿದ್ರೆ ಹುಳುಕು ತೆಗೆದು ತುಂಬಿ ಕಳಿಸ್ತಿದ್ದೆ. ಆಗ ಒಳಗಿನ ತಿರುಳಿಗೆ ಚೇತರಿಸಿಕೊಳ್ಳೋ ಶಕ್ತಿ ಇರುತ್ತೆ. ಈಗ ಅದು ಸತ್ತಿದೆ."

"ಅಂಗಡಿಯಿಂದ ಮಾತ್ರೆ ತಗೊಂಡಿದ್ರು ಡಾಕ್ಟ್ರೇ," ಎಂದೆ.

"ಮಾತ್ರೆ ನೋವು ಮರೆಸುತ್ತೆ ಅಷ್ಟೇ ಅಮ್ಮ. ಹುಳುಕು ತನ್ನ ಕೆಲಸ ನಿಲ್ಲಿಸಲ್ಲ. ತಿರುಳು ಸತ್ತ ಮೇಲೆ ರಕ್ತವೇ ಒಳಗೆ ಹೋಗಲ್ಲ. ಇನ್ನು ರಕ್ತದಲ್ಲಿ ಬರೋ ಔಷಧಿ ಹ್ಯಾಗೆ ಹೋಗುತ್ತೆ?"

ಮರಗಟ್ಟಿಸಿ, ಹಲ್ಲಿನ ಹಿಂಭಾಗದಿಂದ ಸಣ್ಣ ದಾರಿ ಮಾಡಿ, ಒಳಗಿನ ಕೀವು ಇಳಿಸಿದರು. ಇವರು ಕಣ್ಣು ಮುಚ್ಚಿ ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದರು. ಎದ್ದಾಗ ಮೊದಲು ಹೇಳಿದ ಮಾತು: "ಇಷ್ಟೇನಾ?" ನನಗೆ ಅಲ್ಲೇ ಎರಡು ಬಿಡಬೇಕೆನಿಸಿತು. ಇಷ್ಟಕ್ಕೇ ಹೆದರಿ ಅಲ್ಲವೇ ಇಷ್ಟು ದಿನ ಹಲ್ಲು ಕಚ್ಚಿಕೊಂಡು ಕೂತದ್ದು?

ಊತ ಇಳಿಯಿತು. ಆದರೆ ಪೂರ್ತಿ ವಾಸಿಯಾಗುವವರೆಗೆ ಊದಬಾರದೆಂದು ಅಪ್ಪಣೆಯಾಯಿತು. ಉದ್ಯಾನದ ಕಾರ್ಯಕ್ರಮ ಬಂದಾಗ ಇವರು ಜನರ ನಡುವೆ ನನ್ನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತಿದ್ದರು. ಇವರ ಭಾಗವನ್ನು ಬೇರೊಬ್ಬರು ನುಡಿಸಿದರು. ಚೆನ್ನಾಗಿಯೇ ನುಡಿಸಿದರು. ಇವರ ಬೆರಳುಗಳು ಮೊಣಕಾಲಿನ ಮೇಲೆ ಆ ಸ್ವರಗಳನ್ನೇ ಒತ್ತುತ್ತಿದ್ದವು. ಜನ ಚಪ್ಪಾಳೆ ತಟ್ಟಿದಾಗ ಇವರೂ ತಟ್ಟಿದರು.

ಆಸ್ಪತ್ರೆಗೆ ಮತ್ತೆ ಹೋದೆವು, ಒಳಗನ್ನು ಇನ್ನೊಮ್ಮೆ ತೊಳೆದು ಮುಚ್ಚಿದರು. ಗುಳ್ಳೆ ಬಾಡಿತು. ಒಂದು ದಿನ ಡಾಕ್ಟರಮ್ಮ ಆ ಹಲ್ಲನ್ನು ಮೆಲ್ಲಗೆ ತಟ್ಟಿ ನೋಡಿ, "ಗಟ್ಟಿ ಇದೆ. ಊದಿ. ಆದರೆ ತಪಾಸಣೆಗೆ ಬರೋದು ತಪ್ಪಿಸಬೇಡಿ. ಆ ಪೆಪ್ಪರ್‌ಮಿಂಟ್ ಮಾತ್ರ ಬೇಡ, ಬಾಯಿ ಒಣಗಿದ್ರೆ ನೀರು ಕುಡೀರಿ" ಎಂದರು.

ಮಾರನೆಯ ಬೆಳಿಗ್ಗೆ ಮುಂದಿನ ಕೋಣೆಯಿಂದ ನಾದ ಬಂತು. ಸೋರಿಕೆ ಇಲ್ಲದ, ದುಂಡನೆಯ ನಾದ. ನಾನು ಮೆಷಿನ್ ನಿಲ್ಲಿಸಿ ಕೇಳಿದೆ. ಖುಷಿಗೆ ಕಣ್ಣು ತುಂಬಿತು ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಆವತ್ತೇ ಡ್ರಮ್ಮಣ್ಣ ಬಂದರು. ಎಂದಿನ ಅಬ್ಬರ ಇರಲಿಲ್ಲ. ನಾನು ಕೊಟ್ಟ ನೀರಿನ ಲೋಟವನ್ನು ಹಿಡಿದುಕೊಂಡೇ ನಿಂತರು.

"ತಂಗೀ, ಹೇಳೋಕೆ ನಾಚಿಕೆ. ಈ ಕಡೆ ದವಡೆ ಹಲ್ಲಿಗೆ ತಣ್ಣೀರು ತಾಗಿದ್ರೆ ಜುಂ ಅನ್ನುತ್ತೆ. ಒಂದು ಕ್ಷಣ ಅಷ್ಟೇ."

ನಮ್ಮವರು ಕ್ಲಾರಿನೆಟ್ ಕೆಳಗಿಟ್ಟರು. "ನಡಿ."

"ಈಗಲೇನಾ? ತಾಲೀಮು ಇದೆಯಲ್ಲೋ. ನಾಳೆ..."

"ನಡಿ ಅಂದೆ!" ಇವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ. ಅಷ್ಟು ದೊಡ್ಡ ಆಳನ್ನು ತೋಳು ಹಿಡಿದು ಎಳೆದುಕೊಂಡೇ ಹೋದರು.

ಅದೇ ಡಾಕ್ಟರಮ್ಮ, ಅದೇ ಕುರ್ಚಿ. ಹುಳುಕು ಇನ್ನೂ ತಿರುಳು ಮುಟ್ಟಿರಲಿಲ್ಲ. ಕೊರೆದು ತೆಗೆದು ತುಂಬಿ, ಒಂದೇ ಸಲಕ್ಕೆ ಮನೆಗೆ ಕಳಿಸಿದರು. ಕೆಲವು ದಿನ ಕಳೆದು ಡ್ರಮ್ಮಣ್ಣ ನಮ್ಮ ಮನೆಯಲ್ಲೇ ತಣ್ಣೀರು ಕುಡಿದು, "ಆಹಾ, ತಣ್ಣಗೆ ಹಿತವಾಗಿದೆ, ಜುಂ ಅನ್ನೋದು ಹೋಯ್ತು!" ಎಂದು ಮೇಜು ಬಡಿದರು. ನಮ್ಮವರೂ ನಕ್ಕರು. ಅವರು ಹೋದ ಮೇಲೆ ಮೆಲ್ಲಗೆ ನನ್ನ ಹತ್ತಿರ ಹೇಳಿದರು:

"ಅವನ ಹಲ್ಲಿಗೆ ತಣ್ಣೀರು ತಣ್ಣಗಿದೆ ಅಂತ ಇನ್ನೂ ಗೊತ್ತಾಗುತ್ತೆ ಕಣೇ. ನನ್ನದಕ್ಕೆ ಇನ್ನು ಯಾವತ್ತೂ ಗೊತ್ತಾಗಲ್ಲ."

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಈ ಮಾತು ನಿಮ್ಮ ಮನೆಯಲ್ಲಿ ಯಾರೂ ಆಡುವಂತಾಗದಿರಲಿ. ತಣ್ಣೀರಿಗೋ ಸಿಹಿಗೋ ಹಲ್ಲು ಜುಂ ಎನ್ನುತ್ತಿದ್ದರೆ ಅದು ಚಿಕ್ಕ ರಿಪೇರಿಯ ಕಾಲ, ಆಗಲೇ ಹೋಗಿ. ಬಿಸಿಗೆ ನೋವು ಹೆಚ್ಚಿ ನಿಲ್ಲದೆ ಬಡಿಯುತ್ತಿದ್ದರೆ ಲವಂಗ, ಮಾತ್ರೆ ಎಂದು ದಿನ ದೂಡಬೇಡಿ. ಮುಖ ಊದಿ ಜ್ವರ ಬಂದರೆ, ನುಂಗಲು, ಉಸಿರಾಡಲು ಕಷ್ಟವಾದರೆ, ಕಣ್ಣಿನ ಹತ್ತಿರ ಊತ ಬಂದರೆ ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಓಡಿ. ಸಿಹಿ ತಿಂದರೆ ನೀರಿನಿಂದ ಬಾಯಿ ಮುಕ್ಕಳಿಸಿ. ಬೆಳಿಗ್ಗೆಯೂ ಮಲಗುವ ಮುಂಚೆಯೂ ಹಲ್ಲುಜ್ಜಿ, ಮಕ್ಕಳಿಗೂ ಉಜ್ಜಿಸಿ.

ತುಂಬಾ ದಿನ ಕಾಡಿದ ಹಲ್ಲುನೋವು ತಾನಾಗಿ ನಿಂತುಹೋದರೆ ಮಾತ್ರ ನಮ್ಮವರ ಹಾಗೆ ಲೋಟ ಎತ್ತಿ ತೋರಿಸಬೇಡಿ. ಅವತ್ತೇ ಹೋಗಿ ಹಲ್ಲು ತೋರಿಸಿ. ಅದಕ್ಕಿಂತ ಒಳ್ಳೆಯದು, ಹಲ್ಲು ಜುಂ ಎನ್ನುವಾಗಲೇ ಹೋಗುವುದು. ಆಗ ಹೋದರೆ ಜೀವವಿರುವ ಹಲ್ಲಿನೊಂದಿಗೆ ಮನೆಗೆ ಬರುತ್ತೀರಿ.